ನಲವತ್ತೊಂದನೆಯ ಪುಟದಲ್ಲಿ ಅರಬಿ ಒಗೆಯುವವನು

ಖಾನಾಪುರ
ಗುರುವಾರ, ೧೪ ಆಗಸ್ಟ್ ೨೦೨೫

ಪ್ರೀತಿಯ ರತ್ನಮಾಲಾಗೆ,

ಜಯ ಜಿನೇಂದ್ರ. ನಾನು ಆರಾಮ ಇದ್ದೇನೆ. ನಿನ್ನ ಮೊಣಕಾಲು ಹೇಗಿದೆ? ನೀನು ಶ್ರವಣಬೆಳಗೊಳಕ್ಕೆ ಹೋಗಿ ಐದು ವಾರವಾಯಿತು. ಇಷ್ಟರಲ್ಲಿ ಬೆಟ್ಟವನ್ನು ಎಷ್ಟು ಸಲ ಹತ್ತಿದೆ ಎಂದು ನಾನು ಕೇಳುವುದಿಲ್ಲ. ನೀನು ಸುಳ್ಳು ಹೇಳುವವಳಲ್ಲ, ಖರೇ ಹೇಳಿದರೆ ನನಗೆ ನಿದ್ದೆ ಬರುವುದಿಲ್ಲ. ಚಾತುರ್ಮಾಸಕ್ಕೆ ಕೂತ ಮುನಿ ಮಹಾರಾಜರು ದಿನಕ್ಕೆ ಒಂದೇ ಹೊತ್ತು ಆಹಾರ ತೆಗೆದುಕೊಳ್ಳುವವರು. ಆ ಒಂದು ಹೊತ್ತಿಗಾಗಿ ನೀನೂ ನಿನ್ನ ತಂಗಿಯೂ ಹಗಲೆಲ್ಲ ಕಾಳು ಆರಿಸುತ್ತ ಹಿಟ್ಟು ಬೀಸುತ್ತ ಕೂತಿರುತ್ತೀರಿ ಎಂದು ನನಗೆ ಗೊತ್ತು. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮಾತ್ರ ಮರೆಯಬೇಡ. ಬಾಟಲಿ ನಿನ್ನ ಟ್ರಂಕಿನ ಎಡಗಡೆ ಮೂಲೆಯಲ್ಲಿದೆ, ನಾನೇ ಇಟ್ಟದ್ದು.

ನಾಲ್ಕು ತಿಂಗಳು ಮೊಬೈಲ್ ಮುಟ್ಟುವುದಿಲ್ಲ ಎಂದು ನೀನು ಮಹಾರಾಜರ ಮುಂದೆ ನಿಯಮ ತೆಗೆದುಕೊಂಡ ಸುದ್ದಿ ಕೇಳಿ ನನಗೆ ಸಿಟ್ಟು ಬಂದದ್ದು ಸುಳ್ಳಲ್ಲ. ಊರವರೆಲ್ಲ ಚಾತುರ್ಮಾಸದಲ್ಲಿ ಸೊಪ್ಪು ಬಿಡುತ್ತಾರೆ, ಸಿಹಿ ಬಿಡುತ್ತಾರೆ, ನೀನು ನನ್ನನ್ನೇ ಬಿಟ್ಟುಬಿಟ್ಟೆ. ಆಮೇಲೆ ಯೋಚಿಸಿದೆ. ಮೂವತ್ತಾರು ವರ್ಷ ಅಂಚೆ ಕಚೇರಿಯಲ್ಲಿ ಕೂತು ಊರವರ ಪತ್ರಗಳಿಗೆಲ್ಲ ಠಸ್ಸೆ ಹೊಡೆದೆ, ಸ್ವಂತ ಹೆಂಡತಿಗೆ ಒಂದು ಕಾರ್ಡೂ ಬರೆದಿರಲಿಲ್ಲ. ಬರೆಯಲು ನೀನು ಹೋಗುತ್ತಿದ್ದುದಾದರೂ ಎಲ್ಲಿಗೆ? ಗುಂಜಿಯ ತವರಿಗೆ, ರೈಲಿನಲ್ಲಿ ಅರ್ಧ ತಾಸು. ಕಾರ್ಡು ಮುಟ್ಟುವುದರೊಳಗೆ ನೀನೇ ತಿರುಗಿ ಬಂದಿರುತ್ತಿದ್ದೆ. ಈಗ ಅರವತ್ತಾರನೆಯ ವಯಸ್ಸಿಗೆ ಆ ಯೋಗ ಬಂದಿದೆ. ನಮ್ಮ ಅಂಚೆ ಕಚೇರಿಯಲ್ಲೇ, ಗಿರಾಕಿಗಳ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನನ್ನ ಕುರ್ಚಿಯಲ್ಲಿ ಈಗ ಪ್ರಸಾದ ಇದ್ದಾನೆ. ಮೂರೂವರೆಗೆ ಟಪಾಲು ಚೀಲ ಕಟ್ಟುತ್ತಾನೆ. ನಾಳೆ ಸ್ವಾತಂತ್ರ್ಯ ದಿನ, ನಾಡಿದ್ದು ಗೋಕುಲಾಷ್ಟಮಿ, ಮರುದಿನ ರವಿವಾರ. ಇವತ್ತಿನ ಚೀಲ ತಪ್ಪಿದರೆ ಇದು ಸೋಮವಾರದ ಮಾತು. ಹಾಗಾಗಿ ಅಕ್ಷರ ಕೆಟ್ಟರೆ ಬೈಯಬೇಡ.

ಮನೆಯ ಅಡಿಗೆ ನಡೆದಿದೆ. ಜುಣಕ ಗಂಟುಗಂಟಾಗುತ್ತದೆ, ಆದರೂ ತಿನ್ನುತ್ತೇನೆ. ಸೂರ್ಯ ಮುಳುಗುವುದರೊಳಗೆ ಉಣ್ಣಬೇಕೆಂದು ನೀನು ಹೇಳಿಹೋದದ್ದು ನೆನಪಿದೆ. ಆದರೆ ಈ ಮಳೆಯಲ್ಲಿ ಸೂರ್ಯ ಎಲ್ಲಿದ್ದಾನೆಂದೇ ತಿಳಿಯುವುದಿಲ್ಲ. ಅನುಮಾನಕ್ಕೆ ಜಾಗ ಬೇಡವೆಂದು ನಾಲ್ಕೂವರೆಗೇ ಉಂಡು ಏಳಕ್ಕೆ ಹಸಿದು ಕೂಡುತ್ತೇನೆ. ಕುಡಿಯುವ ನೀರಿಗೆ ನೀನು ಕೊಡದ ಬಾಯಿಗೆ ಕಟ್ಟಿಟ್ಟ ಬಟ್ಟೆ ಹಾಗೆಯೇ ಇದೆ, ಸೋಸಿಯೇ ಕುಡಿಯುತ್ತೇನೆ. ಒಂದೇ ಒಂದು ಸಲ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದೆ. ಕುಡಿಯುವಾಗ ನಿನ್ನ ದನಿ ಕಿವಿಯಲ್ಲೇ ಕೇಳಿತು: “ನೀವೂ ಕಾಬೂಲಕ್ಕ ಹ್ವಾದ್ರೇನು?”

ಮದುವೆಯಾದ ಹೊಸದರಲ್ಲಿ ನನಗೆ ಈ ಮಾತು ತಿಳಿಯುತ್ತಿರಲಿಲ್ಲ. ನಿನ್ನ ಅಜ್ಜನ ಅಜ್ಜ ಯಾವನೋ ಗೋರಾ ದಂಡಿಗೆ ದವಸ ತೂಗಿಕೊಡಲು ಕಾಬೂಲದ ಕಡೆ ಹೋದವನು ತಿರುಗಿ ಬರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ನಿಮ್ಮ ಮನೆಯಲ್ಲಿ ಯಾರೂ ಅವನ ಹೆಸರೆತ್ತುವುದಿಲ್ಲ. ಗುಂಜಿಯ ಪಡಸಾಲೆಯ ಗೋಡೆಗೆ ನಿನ್ನ ಅಜ್ಜ ಪಾರಿಸಪ್ಪನವರು ಬಣ್ಣದಲ್ಲಿ ಬರೆಸಿದ ವಂಶಾವಳಿಯಲ್ಲೂ ಅವನ ಜಾಗ ಖಾಲಿ ಇದೆ. ನಾನು ಹೊಸ ಅಳಿಯ, ಬುದ್ಧಿ ಇಲ್ಲದೆ, ಅಲ್ಲೇಕೆ ಹೆಸರಿಲ್ಲ ಎಂದು ಕೇಳಿಬಿಟ್ಟಿದ್ದೆ. ನಿಮ್ಮ ಅಜ್ಜಿ ಹೋಳಿಗೆಯ ತಾಟನ್ನು ನನ್ನ ಮುಂದೆ ಟಪ್ಪೆಂದು ಇಟ್ಟು, “ದಂಡಿನ ಸಂಗಾಟ ಹ್ವಾದಾಂವ ನೀರು ಸೋಸಿ ಕುಡದಾನೇನು?” ಎಂದರು. ಧರ್ಮ ಬಿಟ್ಟವನ ಹೆಸರು ಗೋಡೆಗೆ ಬೇಡ ಎಂಬುದು ಅವರ ತೀರ್ಪು.

ಈಗ ವಿಷಯಕ್ಕೆ ಬರುತ್ತೇನೆ. ಇಲ್ಲಿಂದ ಮುಂದಿನದನ್ನು ದಯವಿಟ್ಟು ಮಹಾರಾಜರ ಅಡಿಗೆಯ ಚೌಕದಲ್ಲಿ ಕೂತು ತಂಗಿಗೆ ಕೇಳುವಂತೆ ಜೋರಾಗಿ ಓದಬೇಡ. ಹೊರಗೆ ಹೋಗಿ ಒಬ್ಬಳೇ ಓದು.

ನಿನ್ನ ಅಜ್ಜ ಕಟ್ಟಿದ ನಮ್ಮ ವಾಚನಾಲಯದ ಶಾಸ್ತ್ರದ ಕಪಾಟು ನಿನಗೆ ಗೊತ್ತೇ ಇದೆ. ಶ್ರುತಪಂಚಮಿಗೆ ಅದರಲ್ಲಿನ ಗ್ರಂಥಗಳನ್ನು ಇಳಿಸಿ, ಧೂಳು ಒರೆಸಿ, ಹೊಸ ಕೆಂಪು ಬಟ್ಟೆ ಸುತ್ತಿ, ತಲೆಯ ಮೇಲೆ ಹೊತ್ತು ಬಸದಿಯವರೆಗೆ ಮೆರವಣಿಗೆ ಮಾಡಿ ಪೂಜಿಸುತ್ತೇವೆ. ಬಿಚ್ಚಿದರೆ ತಾಳೆಗರಿ ಮುರಿದೀತೆಂದು ಹಳೆಯ ಬಟ್ಟೆಯ ಮೇಲೆಯೇ ಹೊಸ ಬಟ್ಟೆ ಸುತ್ತುವ ಪದ್ಧತಿಯನ್ನು ಅಜ್ಜನೇ ಹಾಕಿಕೊಟ್ಟರು. ಎಲ್ಲಕ್ಕಿಂತ ದಪ್ಪನೆಯ ಗಂಟು ಒಂದಿದೆಯಲ್ಲ, ಅದನ್ನು ಹೊರುವ ಮಾನ ಹನ್ನೊಂದು ವರ್ಷದಿಂದ ವಾಚನಾಲಯದ ಅಧ್ಯಕ್ಷರದು, ಅಕ್ಕಿ ಗಿರಣಿಯ ಶೀತಲಣ್ಣನದು. ಅದು ಮಹಾ ಸಿದ್ಧಾಂತಗ್ರಂಥ ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರು. ಬಿಚ್ಚದೆ ಹೇಗೆ ಗೊತ್ತು ಎಂದು ನಾನೊಮ್ಮೆ ಕೇಳಿದ್ದಕ್ಕೆ, “ತೂಕದಾಗ ತಿಳೀತೈತೋ ಮಹಾವೀರಾ, ನಾ ಗಿರಣ್ಯಾಗ ಹುಟ್ಟಿದಾಂವ,” ಎಂದಿದ್ದರು.

ನೀನು ಹೋದ ವಾರದಲ್ಲೇ ವಾಚನಾಲಯದ ಮಾಡು ಸೋರಿತು. ಹೆಂಚು ಸರಿದು ನೀರು ನೇರ ಕಪಾಟಿಗೆ ಇಳಿದಿತ್ತು. ಎಲ್ಲ ಗಂಟುಗಳನ್ನು ಹೊರಗೆ ತೆಗೆದು ಆರಿಸಿದೆವು, ನಮ್ಮ ಪುಣ್ಯ, ಗ್ರಂಥಗಳಿಗೆ ಏನೂ ಆಗಿರಲಿಲ್ಲ. ಆ ದಪ್ಪ ಗಂಟು ಮಾತ್ರ ಒಂದು ಮೂಲೆ ನೆನೆದಿತ್ತು. ಬಿಚ್ಚಲೇಬೇಕಾಯಿತು. ಶೀತಲಣ್ಣ ಸ್ನಾನ ಮಾಡಿ, ಮಡಿ ಉಟ್ಟು ಬಂದು ಕೂತರು. ಒಂದು ಬಟ್ಟೆ ಬಿಚ್ಚಿದರೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಎಂಬತ್ತೇಳು ಬಟ್ಟೆ ಎಣಿಸಿದೆ, ರತ್ನಾ. ಅವರು ಇಷ್ಟು ವರ್ಷ ಹೊತ್ತ ಸಿದ್ಧಾಂತದಲ್ಲಿ ಅರ್ಧ ತೂಕ ಬಟ್ಟೆಯದು. ಕೊನೆಗೆ ಚರ್ಮದ ರಟ್ಟಿನ ಒಂದು ಆಲ್ಬಮ್ ಬಂತು. ಶೀತಲಣ್ಣ ಕೈಮುಗಿದು ಮೊದಲ ಪುಟ ತೆರೆದರು. ಅಲ್ಲಿ ಒಂದು ತೋಪು ಇತ್ತು, ಬಾಯಿ ಅವರ ಕಡೆಗೇ ಮಾಡಿಕೊಂಡು.

ಒಟ್ಟು ಐವತ್ತೆಂಟು ಫೋಟೋ. ೧೮೮೦ರ ಕಂದಹಾರದ ಯುದ್ಧದವು. ಒಂಟೆಗಳ ಸಾಲು, ಡೇರೆಗಳು, ಬಿದ್ದ ಕೋಟೆ ಗೋಡೆ, ಫೋಟೋ ತೆಗೆಯುವಾಗ ತಲೆ ತಿರುಗಿಸಿದ್ದಕ್ಕೆ ಎರಡು ಮೋರೆ ಬಂದಿರುವ ಒಂದು ಕುದುರೆ. ನಡುವೆ ಕೆಲವು ಪುಟಗಳಲ್ಲಿ ಸತ್ತ ಮನುಷ್ಯರು. ಅಜ್ಜ ಈ ಕಪಾಟನ್ನು ಬೆಳಗಾವಿ ಕ್ಯಾಂಪಿನಲ್ಲಿ ಯಾವನೋ ಗೋರಾ ಅಧಿಕಾರಿಯ ಮನೆ ಸಾಮಾನು ಹರಾಜಾದಾಗ ತಂದದ್ದು ಎಂದು ನೀನೇ ಹೇಳಿದ್ದೆಯಲ್ಲ, ಆಲ್ಬಮ್ ಅದರೊಳಗೇ ಬಂದಿರಬೇಕು. ಶೀತಲಣ್ಣ ರಟ್ಟು ಮುಚ್ಚಿದರು. ಆಮೇಲೆ, “ಹೋಗ್ಲಿ ಬಿಡು, ಇತಿಹಾಸಾನೂ ಒಂದು ಶಾಸ್ತ್ರ ಅಲ್ಲೇನು,” ಎಂದು ಸಮಾಧಾನ ಮಾಡಿಕೊಂಡರು. ಮರುದಿನವೇ ಪತ್ರಿಕೆಯವರನ್ನು ಕರೆಸಿ ಆಲ್ಬಮ್ ಹಿಡಿದುಕೊಂಡು ಫೋಟೋ ತೆಗೆಸಿಕೊಂಡರು. ಪ್ರತಿ ಪುಟವನ್ನೂ ಲ್ಯಾಮಿನೇಶನ್ ಮಾಡಿಸಿ, ಬಂಗಾರದ ಚೌಕಟ್ಟು ಹಾಕಿಸಿ, ನಡುವೆ ಅಧ್ಯಕ್ಷರ ಭಾವಚಿತ್ರ ಇಡುವ ಯೋಜನೆಯೂ ಆಯಿತು.

ಆ ಪತ್ರಿಕೆ ನೋಡಿ ಬೆಳಗಾವಿಯಿಂದ ಓಡಿಬಂದವಳು ಪೂರ್ಣಿಮಾ. ವಡಗಾವಿಯ ನೇಕಾರರ ಮಗಳು. ಹಳೆಯ ಕಾಗದ, ಹಳೆಯ ಫೋಟೋ ಕೆಡದಂತೆ ಕಾಪಾಡುವ ವಿದ್ಯೆ ಕಲಿತು ಬಂದಿದ್ದಾಳೆ. ಲ್ಯಾಮಿನೇಶನ್ ಎಂಬ ಮಾತು ಕೇಳಿ ಆ ಹುಡುಗಿಯ ಮೋರೆ ಬಿಳುಚಿಕೊಂಡಿತು. ಕೈ ತೊಳೆದು, ಒರೆಸಿ, ಒಂದೊಂದು ಪುಟವನ್ನೂ ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದಳು. ಅಷ್ಟು ಹಿಂದಿನ ಯುದ್ಧದ ಫೋಟೋಗಳು ಪುಟ ಹರಿಯದೆ, ಕ್ರಮ ತಪ್ಪದೆ ಒಟ್ಟಿಗೆ ಉಳಿದದ್ದು ತೀರ ಕಡಿಮೆಯಂತೆ. “ನಿಮ್ಮ ಬಟ್ಟಿನ ಇವನ್ನ ಉಳಸ್ಯಾವ್ರಿ ಕಾಕಾ. ಬೆಳಕು ತಾಗಿಲ್ಲ, ಧೂಳು ತಾಗಿಲ್ಲ,” ಎಂದಳು. ನಮ್ಮ ಅಜ್ಞಾನವನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಪುಸ್ತಕದ ಹುಳಕ್ಕೆ ಏನು ಮಾಡುತ್ತೀರಿ ಎಂದು ಕೇಳಿದಳು. ನಾನು ನನ್ನ ಮೆತ್ತನೆಯ ಕುಂಚವನ್ನೂ ಪೋಸ್ಟ್ ಕಾರ್ಡನ್ನೂ ತೋರಿಸಿ, ಹುಳವನ್ನು ಕಾರ್ಡಿನ ಮೇಲೆ ಹತ್ತಿಸಿಕೊಂಡು ಹಿತ್ತಲಿಗೆ ಬಿಟ್ಟುಬರುತ್ತೇನೆ ಎಂದೆ. “ಮತ್ತ ಅವು ತಿರುಗಿ ಬರೂದಿಲ್ಲೇನ್ರಿ?” “ಬರ್ತಾವವ್ವಾ. ಮತ್ತ ಒಯ್ದು ಬಿಡ್ತೀನಿ.” ಅವಳು ನಗಲಿಲ್ಲ, ಪುಸ್ತಕದಲ್ಲಿ ಬರೆದುಕೊಂಡಳು. ನನಗೆ ಅವಳ ಮೇಲೆ ಬಹಳ ಗೌರವ ಬಂತು.

ಆ ಗೌರವ ಇನ್ನೂ ಹೊಸದಾಗಿರುವಾಗಲೇ ಅವಳು ಆ ಮಾತು ಹೇಳಿದಳು. ಹುಳಕ್ಕೆ ಇಂಥ ಹಳೆಯ ಫೋಟೋ ಬಹಳ ರುಚಿ ಎಂದು ಅವಳು ಹೇಳಿದ್ದಕ್ಕೆ, ಏಕೆ ಎಂದು ಶೀತಲಣ್ಣ ಕೇಳಿದ್ದರು. ಹುಡುಗಿ ಸಹಜವಾಗಿ, ಆ ಕಾಲದಲ್ಲಿ ಫೋಟೋ ಕಾಗದಕ್ಕೆ ಹೊಳಪು ಬರಲು ಒಂದು ಲೋಳೆ ಬಳಿಯುತ್ತಿದ್ದರು, ಆ ಲೋಳೆ ಇಂಥದರ ಬಿಳಿಯ ಭಾಗ ಎಂದಳು. ರತ್ನಾ, ಆ ಶಬ್ದವನ್ನು ನಿನ್ನ ಚೌಕದೊಳಗೆ ಕಳಿಸಲು ನನ್ನ ಪೆನ್ನು ಏಳುತ್ತಿಲ್ಲ. ಕೋಳಿ ಇಡುತ್ತದೆ. ಗುಂಡಗಿರುತ್ತದೆ. ತಿಳಿಯಿತಲ್ಲ? ಶೀತಲಣ್ಣನ ಬಲಗೈ ಮೆಲ್ಲಗೆ ಮೇಲೆ ಹೋಗಿ ಅವರ ನೆತ್ತಿಯನ್ನು ಮುಟ್ಟಿತು. ಹನ್ನೊಂದು ಶ್ರುತಪಂಚಮಿ ಅವರು ಆ ಗುಂಡಗಿನದನ್ನು ಹೊತ್ತು, ಅಕ್ಷತೆ ಹಾಕಿ, ಆರತಿ ಬೆಳಗಿದ್ದರು. ಎದ್ದು ಮನೆಗೆ ಹೋಗಿ ಕೊಡದ ಮೇಲೆ ಕೊಡ ತಣ್ಣೀರು ತಲೆಗೆ ಸುರಿದುಕೊಂಡರಂತೆ. ನೆಗಡಿಯಾಗಿ ಮೂರು ದಿನ ಮಲಗಿದರು.

ನಾಲ್ಕನೆಯ ದಿನ ವಾಚನಾಲಯದ ಕಮಿಟಿ ಸೇರಿತು. ಪರ್ಯುಷಣ ಪರ್ವಕ್ಕೆ ಮೊದಲು ಆಲ್ಬಮ್ ಹೊರಗೆ ಹೋಗಬೇಕು ಎಂಬುದರಲ್ಲಿ ನಾನೊಬ್ಬ ಬಿಟ್ಟು ಎಲ್ಲರೂ ಒಂದು. ಹೇಗೆ ಎಂಬುದರಲ್ಲಿ ಮಾತ್ರ ಗದ್ದಲ. ಮಲಪ್ರಭೆಗೆ ಬಿಡೋಣವೆಂದರೆ ನೀರಿನ ಜೀವಗಳಿಗೆ ತೊಂದರೆ. ಸುಡೋಣವೆಂದರೆ ಪುಟಗಳ ನಡುವೆ ಹುಳ ಇದ್ದರೆ? ಹುಗಿಯಲು ಮಳೆಗಾಲದಲ್ಲಿ ನೆಲ ಅಗೆದರೆ ಎರೆಹುಳ ಸಾಯುತ್ತವೆ. ಎರಡು ತಾಸು ಕೂತರೂ ಹಿಂಸೆಯಿಲ್ಲದೆ ಒಂದು ಆಲ್ಬಮ್ ನಾಶ ಮಾಡುವ ದಾರಿ ಯಾರಿಗೂ ಹೊಳೆಯಲಿಲ್ಲ. ಆಗ ಶೀತಲಣ್ಣ ಒಂದು ಸುದ್ದಿ ತೆಗೆದರು. ಬೆಳಗಾವಿಯಲ್ಲಿ ಹೊಸ ಹೋಟೆಲ್ ತೆರೆಯುವವನೊಬ್ಬ ಪತ್ರಿಕೆ ನೋಡಿ ಫೋನ್ ಮಾಡಿದ್ದನಂತೆ, ಫೋಟೋಗಳನ್ನು ಬಿಡಿಬಿಡಿಯಾಗಿ ಕಿತ್ತು ಊಟದ ಹಾಲಿನ ಗೋಡೆಗೆ ಹಚ್ಚುತ್ತಾನಂತೆ. “ಅಲ್ಲಿ ಎಲ್ಲಾ ನಡೀತೈತಿ, ಮಾಂಸಾನೂ ನಡೀತೈತಿ. ಅದು ಎಲ್ಲಿ ಹೋಗಬೇಕೋ ಅಲ್ಲೇ ಹೊಂಟೈತಿ,” ಎಂದರು. ಎಲ್ಲರಿಗೂ ಸಮಾಧಾನವಾಯಿತು. ಪೂರ್ಣಿಮಾಗೆ ಹೇಳಿದೆ. ಅಡಿಗೆಮನೆಯ ಉಗಿ, ಕಿಡಕಿಯ ಬಿಸಿಲು, ಎರಡು ವರ್ಷದಲ್ಲಿ ಖಾಲಿ ಕಾಗದ ಉಳಿಯುತ್ತದೆ ಎಂದಳು. ಹೇಳುವಾಗ ಅವಳ ಕಣ್ಣಲ್ಲಿ ನೀರು ಬಂದಿತ್ತು.

ಆದರೆ ವಾಚನಾಲಯದ ನಿಯಮಾವಳಿ ಇದೆಯಲ್ಲ. ಶಾಸ್ತ್ರದ ಕಪಾಟಿನ ಯಾವ ವಸ್ತುವೂ ಪಾರಿಸಪ್ಪನವರ ವಾರಸುದಾರರ ಲಿಖಿತ ಒಪ್ಪಿಗೆ ಇಲ್ಲದೆ ಹೊರಗೆ ಹೋಗಕೂಡದು. ಆ ವಾರಸುದಾರರಲ್ಲಿ ಹಿರಿಯಳು ನೀನು. ಇದೇ ಇಪ್ಪತ್ತನಾಲ್ಕರ ರವಿವಾರ ಕಮಿಟಿ ಮತ್ತೆ ಸೇರುತ್ತದೆ, ಅಷ್ಟರಲ್ಲಿ ನಿನ್ನ ಉತ್ತರ ಬರಬೇಕು. ಶೀತಲಣ್ಣ ನಿನಗೆ ಬೇರೆ ಪತ್ರ ಬರೆದಿದ್ದಾರೆ. ಈಗಷ್ಟೇ ಬಂದು ರಿಜಿಸ್ಟರ್ ಮಾಡಿಸಿ, ನನ್ನ ಕಡೆ ನೋಡದೆ ಹೋದರು. ಎರಡೂ ಒಂದೇ ಚೀಲದಲ್ಲಿ ಬರುತ್ತವೆ. ಅವರದಕ್ಕೆ ನೀನು ಸಹಿ ಮಾಡಬೇಕಾಗುತ್ತದೆ, ನನ್ನದಕ್ಕೆ ಬೇಡ. ಹಾಗಾಗಿ ಮೊದಲು ನನ್ನದನ್ನು ಓದು.

ನಮ್ಮ ಓಣಿಯಲ್ಲಿ ನಿನ್ನಷ್ಟು ಕಟ್ಟುನಿಟ್ಟಿನವರು ಇನ್ನೊಬ್ಬರಿಲ್ಲ. ಅಂಗಡಿಯ ಬಿಸ್ಕಿಟ್ಟಿನ ಪೊಟ್ಟಣವನ್ನು ಕನ್ನಡಕ ಹಾಕಿಕೊಂಡು ಓದಿ ಹಿಂದಕ್ಕೆ ಕೊಡುವವಳು ನೀನು. ನಿನಗೆ ಹೀಗೆ ಮಾಡು ಎಂದು ಹೇಳುವ ಧೈರ್ಯ ನನಗಿಲ್ಲ. ನನ್ನ ಮನಸ್ಸಿನಲ್ಲಿ ಇರುವುದನ್ನಷ್ಟೇ ಹೇಳುತ್ತೇನೆ. ದಿನಾ ಮಧ್ಯಾಹ್ನ ಆ ಆಲ್ಬಮ್ ನೋಡಿದೆ. ಅದರಲ್ಲಿರುವ ಕುದುರೆ ಹಿಡಿಯುವವರು, ಹೊರೆ ಹೊರುವವರು, ಸತ್ತು ಮಲಗಿದವರು, ಯಾರೂ ಮನೆಗೆ ಒಂದು ಕಾರ್ಡು ಬರೆದಿರಲಾರರು. ವಿಳಾಸದಾರರು ಸಿಗದ ಟಪಾಲು ನನ್ನ ಕೈಗೆ ಎಷ್ಟೋ ಬಂದಿತ್ತು. ಬೇರೆಯವರು ವಾಪಸು ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು, ನಾನು ಸೈಕಲ್ ಹತ್ತಿ ಓಣಿ ಓಣಿ ಕೇಳಿ ಬರುತ್ತಿದ್ದೆ. ಊಟ ಆರುತ್ತದೆ ಎಂದು ನೀನು ಬೈಯುತ್ತಿದ್ದೆ. ಈ ಐವತ್ತೆಂಟೂ ನನಗೆ ಹಾಗೇ ಕಾಣುತ್ತವೆ. ಯಾರಿಗೋ ಮುಟ್ಟಬೇಕಾದದ್ದನ್ನು ಹೋಟೆಲಿನ ಗೋಡೆಗೆ ಹಚ್ಚಿ ಕೆಡಿಸಲು ನನಗೆ ಮನಸ್ಸಿಲ್ಲ. ಶಾಸ್ತ್ರದ ಕಪಾಟಿನಲ್ಲೇ ಇರಲಿ ಎಂದು ನಾನು ಹೇಳುವುದಿಲ್ಲ. ಬೇರೆ ಪೆಟ್ಟಿಗೆ, ಬೇರೆ ಕೋಣೆ, ಬೇಕಾದರೆ ಬೇರೆ ಬಾಗಿಲು. ಪೆಟ್ಟಿಗೆಯನ್ನೂ ಸುತ್ತುವ ಬಟ್ಟೆಯನ್ನೂ ಪೂರ್ಣಿಮಾನೇ ಸಿದ್ಧ ಮಾಡಿಕೊಡುತ್ತಾಳೆ, ಬಟ್ಟೆ ಅವರಪ್ಪನ ಮಗ್ಗದ್ದು.

ಇನ್ನು ಒಂದು ತಪ್ಪೊಪ್ಪಿಗೆ. ಕಮಿಟಿ ಸೇರುವ ರವಿವಾರದವರೆಗೆ ಆಲ್ಬಮ್ ಎಲ್ಲಾದರೂ ಇರಬೇಕಲ್ಲ, ವಾಚನಾಲಯದಲ್ಲಿ ಶೀತಲಣ್ಣ ಇಡಗೊಡಲಿಲ್ಲ. “ಆಗಸ್ಟದಾಗ ಖಾನಾಪುರದಾಗ ಒಣಾ ಜಾಗ ಎಲ್ಲೈತ್ರಿ ಕಾಕಾ?” ಎಂದು ಪೂರ್ಣಿಮಾ ಕೇಳಿದಳು. ಧೂಳಿಲ್ಲದ, ತೇವವಿಲ್ಲದ, ಹುಳವಿಲ್ಲದ, ಬಿಸಿಲು ಬೀಳದ ಜಾಗ. ಯೋಚಿಸಿದೆ. ಇಡೀ ತಾಲ್ಲೂಕಿನಲ್ಲಿ ಅಂಥ ಜಾಗ ಒಂದೇ, ನಿನ್ನ ಪೂಜೆಯ ಸೀರೆಗಳ ಬೀರು. ಮೂರನೆಯ ಅರೆಯಲ್ಲಿದೆ. ಸೀರೆಗಳನ್ನು ಮೇಲಿನ ಅರೆಗೆ ಸರಿಸಿ, ನಡುವೆ ಹಲಗೆ ಇಟ್ಟಿದ್ದೇನೆ, ಮುಟ್ಟುತ್ತಿಲ್ಲ. ನಲವತ್ತೊಂದನೆಯ ಪುಟದ ಫೋಟೋ ಒಂದು ಮಾತ್ರ ಅದರಲ್ಲಿಲ್ಲ. ಮಳೆನೀರಿಗೆ ಅರ್ಧ ಎದ್ದಿತ್ತೆಂದು ಪೂರ್ಣಿಮಾ ಅದನ್ನು ರಟ್ಟಿನ ಸಮೇತ ಬೆಳಗಾವಿಗೆ ಒಯ್ದಿದ್ದಾಳೆ. ದೊಡ್ಡ ಚಿತ್ರವೇನಲ್ಲ, ಹೊಂಡದ ದಂಡೆಯಲ್ಲಿ ಬಗ್ಗಿ ಬಟ್ಟೆ ಹಿಡಿದ ಒಬ್ಬ ಮನುಷ್ಯ. “ಇದನ್ಯಾಕ ತಗದಾನೋ ಮಾರಾಯ, ಯಾವನೋ ಅರಬಿ ಒಗ್ಯಾಕತ್ತಾನ,” ಎಂದು ಶೀತಲಣ್ಣ ಪುಟ ಹೊರಳಿಸಿದ್ದರು. ಬಂದಮೇಲೆ ಬೀರು ತೆಗೆಯುವ ಮೊದಲು ನನ್ನನ್ನು ಕರಿ, ಸಿಟ್ಟು ಮಾಡಿಕೊಂಡರೆ ಎದುರಿಗೇ ಇರುತ್ತೇನೆ.

ಮಹಾರಾಜರ ಪಾದಕ್ಕೆ ನನ್ನ ನಮೋಸ್ತು ತಿಳಿಸು. ತಂಗಿಗೆ ಆಶೀರ್ವಾದ. ಮನೆಯ ಬಾಗಿಲು, ಗ್ಯಾಸು, ಹಿತ್ತಲ ನಲ್ಲಿ ಎಲ್ಲ ದಿನಾ ಎರಡೆರಡು ಸಲ ನೋಡುತ್ತೇನೆ, ಆ ಚಿಂತೆ ಬಿಡು. ನೀನಿಲ್ಲದ ಮನೆಯಲ್ಲಿ ಮಾತು ಬಹಳ ಕಡಿಮೆಯಾಗಿದೆ, ಅದೊಂದಕ್ಕೆ ನನ್ನ ಹತ್ತಿರ ಉಪಾಯವಿಲ್ಲ.

ಇತಿ ನಿನ್ನ,
ಮಹಾವೀರ

ತಾ.ಕ.: ರತ್ನಾ, ಲಕೋಟೆ ಅಂಟಿಸಿ ಕೊಟ್ಟಿದ್ದೆ, ಪ್ರಸಾದನ ಕೈಯಿಂದ ಕಸಿದುಕೊಂಡು ಹರಿದು ಬರೆಯುತ್ತಿದ್ದೇನೆ. ಪೂರ್ಣಿಮಾಳ ಫೋನ್ ಬಂತು. ನಲವತ್ತೊಂದನೆಯ ಫೋಟೋ ರಟ್ಟಿನಿಂದ ಬಿಟ್ಟಿತಂತೆ. “ಕಾಕಾ, ಅಂವ ಅರಬಿ ಒಗ್ಯಾಕತ್ತಿಲ್ರಿ. ಬಟ್ಟಿ ಎರಡು ಮಡಿಕಿ ಐತಿ. ಬಾಜೂಕ ಕೊಡ ಐತಿ. ನೀರು ಸೋಸಿ, ಆ ಬಟ್ಟಿ ಮಗಚಿ ಮತ್ತ ಹೊಂಡದಾಗ ಅದ್ದಾಕತ್ತಾನ್ರಿ,” ಎಂದಳು. ನೇಕಾರರ ಮಗಳಿಗೆ ಬಟ್ಟೆ ಕಂಡಿತು, ನಮಗೆ ಕಾಣಲಿಲ್ಲ. ಬಟ್ಟೆಗೆ ಸಿಕ್ಕ ಜೀವಗಳನ್ನು ನೀನು ದಿನಾ ಬಾವಿಗೆ ತಿರುಗಿ ಬಿಡುತ್ತೀಯಲ್ಲ, ಅದೇ. ಫೋಟೋದ ಬೆನ್ನಿಗೆ ಪೆನ್ಸಿಲ್ಲಿನ ಬರಹ ಇದೆ, ಇಂಗ್ಲಿಷಿನಲ್ಲಿ. ಅವಳು ಓದಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತೇನೆ: ‘ಬೆಳಗಾವಿ ಕಡೆಯ ಗುಂಜಿ ಊರಿನ ಪಾರಿಸಪ್ಪ, ನಮಗೆ ದವಸ ತೂಗಿಕೊಡುವವನು. ಗುಂಡು ಹಾರುತ್ತಿದ್ದರೂ ಸೋಸದೆ ನೀರು ಕುಡಿಯುವುದಿಲ್ಲ. ಇವತ್ತು ಇವನಿಗಾಗಿ ದಂಡು ಕಾಲು ತಾಸು ಕಾಯಿತು. ಕಂದಹಾರ, ೧೮೮೦.’ ಊರು ಗುಂಜಿ. ಹೆಸರು ನಿನ್ನ ಅಜ್ಜನದೇ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ರೂಢಿ. ಗೋಡೆಗೆ ಬೇಡವೆಂದ ಹೆಸರನ್ನು ನಿಮ್ಮ ಮನೆಯವರು ತೊಟ್ಟಿಲಲ್ಲಿ ಕೂಗಿದ್ದರು. ನಿಮ್ಮ ಅಜ್ಜಿಗೆ ಉತ್ತರ ಬಂದಿದೆ. ಸೋಸಿ ಕುಡದಾನ. ಅದಕ್ಕಿರುವ ಸಾಕ್ಷಿ ಜಗತ್ತಿನಲ್ಲಿ ಆ ಫೋಟೋ ಒಂದೇ, ಅದೂ ಆ ಗುಂಡಗಿನದರ ಮೇಲೆ. ಒಂದು ಟಪಾಲಿಗೆ ವಿಳಾಸದಾರಳು ಸಿಕ್ಕಳು, ಇನ್ನೂ ಐವತ್ತೇಳು ಇವೆ. ಇಪ್ಪತ್ತನಾಲ್ಕರೊಳಗೆ ಬರಿ. ಗುಂಜಿಯ ಗೋಡೆಗೆ ಬಣ್ಣದವನನ್ನು ಕರೆಯಲೋ ಬೇಡವೋ ಅದನ್ನೂ ಬರಿ. ಮೂರೂವರೆ ಆಗಿಹೋಯಿತು, ಪ್ರಸಾದ ಚೀಲದ ಬಾಯಿ ಹಿಡಿದು ಗೊಣಗುತ್ತ ನಿಂತಿದ್ದಾನೆ. ದಂಡೇ ಕಾಯ್ದಿದೆ, ಅವನೂ ಕಾಲು ತಾಸು ಕಾಯಲಿ.